ಅಕ್ಕೂಬಾಯಿಯ ಗುಳಿಗೆ

"ಆಯಿ, ನಿನ್ನ ಗುಳಿಗೆ ನಾಳೆಯಿಂದ ಬಂದ್," ಎಂದು ಮೋರೋಬಾ ವೇಲ್ಕರ್ ಅನ್ನಕ್ಕೆ ಕೈ ಹಾಕುತ್ತಲೇ ಹೇಳಿದ.

ಭಾನುವಾರದ ಊಟ. ಅವನ ಹೆಂಡತಿ ಸೋನಾಬಾಯಿ ಬೆಳ್ಳುಳ್ಳಿ ಜಜ್ಜಿ ಹಾಕಿ ಮಾಡಿದ್ದ ಮೀನಿನ ಭುಜಣೆಯ ಘಮ ಠಾಕುರದ್ವಾರದ ಆ ಮನೆಯ ಮೆಟ್ಟಿಲವರೆಗೂ ಹರಡಿತ್ತು. ಎಲ್ಲರಿಂದ ಒಂದು ಮಾರು ದೂರ, ಗೋಡೆಗೆ ಒರಗಿ, ಮೋರೋಬಾನ ತಾಯಿ ಅಕ್ಕೂಬಾಯಿ ಬೇಳೆ ಅನ್ನ ಕಲಸುತ್ತಿದ್ದಳು. ಗಂಡ ಹೋದಂದಿನಿಂದ ಅವಳು ಮೀನು ಮುಟ್ಟಿರಲಿಲ್ಲ. ಅವಳ ಅನ್ನಕ್ಕೆ ಬೇರೆ ಪಾತ್ರೆ, ಬೇರೆ ಒಲೆ. ಮಗನ ಮಾತಿಗೆ ಅವಳ ಕೈ ನಿಂತಿತು.

"ಯಾವ ಗುಳಿಗೆ?"

"ನೀನು ತಗೊಳ್ಳೋದು ಒಂದೇ ಗುಳಿಗೆ. ಅಫೀಮಿಂದು."

"ಅದನ್ನ ಸರ್ಕಾರದ ಪರವಾನಗಿ ಅಂಗಡಿಯಿಂದ ತರಿಸ್ತೀನಿ. ಕದ್ದು ತಂದದ್ದೇನಲ್ಲ."

"ಕದ್ದದ್ದು ಅಂತ ನಾನೆಲ್ಲಿ ಅಂದೆ? ಹೊಸ ಸಾಹೇಬನ ಹುಕುಂ ಅದು."

ಮೋರೋಬಾ ಬಂದರಿನ ಅಫೀಮು ಗೋದಾಮಿನಲ್ಲಿ ಇನ್‌ಸ್ಪೆಕ್ಟರ್. ಮಾಳವದಿಂದ ರೈಲಿನಲ್ಲಿ ಬರುವ ಪೆಟ್ಟಿಗೆಗಳನ್ನು ಮತ್ತೆ ತೂಗಿಸಿ, ತೀರುವೆ ಕೊಟ್ಟಷ್ಟೇ ಸರಕು ಇದೆಯೋ ಹೆಚ್ಚಿದೆಯೋ ನೋಡಿ, ಅರಗಿನ ಮೊಹರು ಒತ್ತಿಸಿ, ಚೀನಾಕ್ಕೆ ಹೊರಟ ಹಡಗಿನ ಹೊಟ್ಟೆಗೆ ಕೊನೆಯ ಪೆಟ್ಟಿಗೆ ಇಳಿಯುವವರೆಗೂ ದಕ್ಕೆಯ ಮೇಲೆ ನಿಂತಿರುವುದು ಅವನ ಕೆಲಸ. ಅದರಲ್ಲೇ ಅವನ ತಲೆ ಹಣ್ಣಾಗಿತ್ತು. ಹೋದ ವಾರ ಒಬ್ಬ ತೂಕದಾಳಿನ ಮುಂಡಾಸಿನಲ್ಲಿ ಅಫೀಮಿನ ಉಂಡೆ ಸಿಕ್ಕಿತ್ತು. ಕಾರ್ವೆಲ್ ಸಾಹೇಬ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹೇಳಿದ್ದ: ಪೆಟ್ಟಿಗೆ ಮುಟ್ಟುವವರ ಮನೆಯಲ್ಲಿ ಸಾಸಿವೆಯಷ್ಟೂ ಅಫೀಮು ಇರಕೂಡದು. ಹೋಳಿಯವರೆಗೆ ಗಡುವು. ಆಮೇಲೆ ಸಿಕ್ಕಿದರೆ ನೌಕರಿಯೂ ಇಲ್ಲ, ಪಿಂಚಣಿಯೂ ಇಲ್ಲ.

ಅಕ್ಕೂಬಾಯಿ ಎಲ್ಲವನ್ನೂ ಕೇಳಿಸಿಕೊಂಡಳು. "ಚೀನಾದವರಿಗೆ ಹಡಗು ಹಡಗು ಕಳಿಸ್ತೀಯ. ಹೆತ್ತ ತಾಯಿಗೆ ಮೆಣಸಿನಕಾಳಿನಷ್ಟು ಇಲ್ವಾ?"

ಶಾಲೆ ಮಾಸ್ತರನಾಗಿದ್ದ ಮೊಮ್ಮಗ ದ್ವಾರಕಾನಾಥನಿಗೆ ನಗು ತಡೆಯಲಾಗಲಿಲ್ಲ. "ಆಜಿ ಸರಿಯಾಗೇ ಕೇಳಿದ್ಲು ಬಾಬಾ. ಚೀನಾದಲ್ಲೂ ಆಜಿಯರು ಇರ್ತಾರೆ. ಅವರ ಗತಿ ಏನು?"

"ನೀನು ಮೀನಿನ ಮುಳ್ಳು ನೋಡ್ಕೊಂಡು ತಿನ್ನು," ಎಂದ ಮೋರೋಬಾ. "ಆಯಿ, ನಿನ್ನ ಮಂಡಿನೋವಿಗೆ ವೈದ್ಯರ ಎಣ್ಣೆ ತರಿಸೋಣ. ಸ್ವಲ್ಪ ಮನಸ್ಸು ಗಟ್ಟಿ ಮಾಡ್ಕೋ. ಅಷ್ಟೇ ಬೇಕಾದ್ದು."

ಆ ಕೊನೆಯ ಮಾತು ಮುದುಕಿಗೆ ತಾಗಿತು. ಕೈ ತೊಳೆಯದೆಯೇ ಎದ್ದು ಒಳಗೆ ಹೋದಳು. ದಿಂಬಿನ ಕೆಳಗಿದ್ದ ಪುಟ್ಟ ಹಿತ್ತಾಳೆ ಡಬ್ಬಿ ತಂದು ಎಲ್ಲರೆದುರು ಕಿಟಕಿಯಿಂದ ಹಿಂದಿನ ಗಟಾರಕ್ಕೆ ಎಸೆದಳು.

"ನಾಳೆ ಯಾಕೆ? ಇವತ್ತೇ ಬಂದ್. ಅಕ್ಕೂಬಾಯಿಯ ಮನಸ್ಸು ಎಷ್ಟು ಗಟ್ಟಿ ಅಂತ ನೋಡು."

ಸೋನಾಬಾಯಿ ಗಂಡನ ಮುಖ ನೋಡಿದಳು. ದ್ವಾರಕಾನಾಥನ ಹೆಂಡತಿ ಚಂಪು ಒಲೆಯ ಹತ್ತಿರ ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮುದುಕಿಗೂ ಅವಳಿಗೂ ಮದುವೆಯಾದಂದಿನಿಂದ ಅಷ್ಟಕ್ಕಷ್ಟೇ. ಉಪ್ಪು ಹೆಚ್ಚಾಯಿತು, ಸೆರಗು ಜಾರಿತು, ಬಾಗಿಲು ದಡಾರೆಂದಿತು, ದಿನಕ್ಕೊಂದು ತಕರಾರು.

ಮಾರನೆಯ ಸಂಜೆಗೆಲ್ಲ ಅಕ್ಕೂಬಾಯಿಯ ಮೂಗು ಸೋರತೊಡಗಿತು. ಆಕಳಿಕೆಯ ಮೇಲೆ ಆಕಳಿಕೆ. ಮೈಯೆಲ್ಲ ಮುಳ್ಳೆದ್ದು, ಹೊದ್ದರೆ ಸೆಕೆ, ತೆಗೆದರೆ ಚಳಿ. ಅದರ ಮರುದಿನ ಭೇದಿ ಹತ್ತಿತು. ಕಾಲುಗಳನ್ನು ಯಾರೋ ಹಿಂಡುತ್ತಿದ್ದಾರೆಂದು ಕೂಗಿಕೊಂಡಳು. ಸೋನಾಬಾಯಿ ಗಂಜಿ ಕೊಟ್ಟರೆ ಗಂಜಿ ಹೊರಗೆ, ನೀರು ಕೊಟ್ಟರೆ ನೀರು ಹೊರಗೆ. ಚಂಪು ಸೀರೆ ಒಗೆದು ಹಾಕಿ ಒಳಗೆ ಬರುವಷ್ಟರಲ್ಲಿ ಇನ್ನೊಂದು ಸೀರೆ ಒಗೆಯುವುದಕ್ಕೆ ಬಂದಿರುತ್ತಿತ್ತು.

ಅದೇ ಹೊತ್ತಿಗೆ ಮಗುವಿಗೂ ಹುಷಾರು ತಪ್ಪಿತು. ಐದು ತಿಂಗಳ ಹೆಣ್ಣುಮಗು ಕುಸುಮ. ಹುಟ್ಟಿದಾಗಿನಿಂದ ಇಷ್ಟು ಸಾಧು ಮಗು ಓಣಿಯಲ್ಲೇ ಇಲ್ಲವೆಂದು ಎಲ್ಲರೂ ಹೊಗಳುತ್ತಿದ್ದ ಮಗು, ಈಗ ಸೀನಿ ಸೀನಿ, ಕಿರುಚಿ ಕಿರುಚಿ ನೀಲಿಯಾಗುತ್ತಿತ್ತು. ಮೊಲೆ ಬಾಯಿಗಿಟ್ಟರೆ ಮುಖ ತಿರುಗಿಸುತ್ತಿತ್ತು.

"ದೃಷ್ಟಿ ತಾಗಿದೆ," ಎಂದಳು ಸೋನಾಬಾಯಿ. ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಮೋರೋಬಾ ಬೆಳಿಗ್ಗೆ ಪಗಡಿ ಏರಿಸಿ ಕುದುರೆ ಟ್ರಾಂ ಹತ್ತಿದರೆ ದೀಪ ಹಚ್ಚುವ ಹೊತ್ತಿಗೆ ಮನೆಗೆ ಬರುತ್ತಿದ್ದ. ಬಂದವನು ತಾಯಿಯ ಕೋಣೆಯ ಹೊಸ್ತಿಲಲ್ಲಿ ನಿಂತು, "ಇನ್ನೆರಡು ದಿನ ತಡ್ಕೋ ಆಯಿ," ಎನ್ನುತ್ತಿದ್ದ. ಅವಳು ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು.

ದ್ವಾರಕಾನಾಥನಿಗೆ ಮಾತ್ರ ಮಾತಿಗೆ ಬರವಿರಲಿಲ್ಲ. ಅಡಿಗೆಮನೆಯ ಬಾಗಿಲಲ್ಲಿ ನಿಂತು ಹೆಂಡತಿಗೆ ಹೇಳಿದ: "ನೋಡಿದ್ಯಾ? ಒಂದು ಕಾಳಿಗೆ ಈ ಪಾಡು. ಅಲ್ಲಿ ಚೀನಾದಲ್ಲಿ ಊರಿಗೆ ಊರೇ ಹೀಗೆ ಬಿದ್ದಿದೆಯಂತೆ..."

"ಚೀನಾದ ಆಜಿಯರ ಮಾತು ಆಮೇಲೆ ಆಡೋಣ," ಎಂದಳು ಚಂಪು. "ಈಗ ನಿಮ್ಮ ಆಜಿಯ ಹೇಸಿಗೆ ತಟ್ಟೆ ತಗೊಂಡ್ ಹೋಗಿ ಚೆಲ್ಲಿ ಬನ್ನಿ. ಅದು ತುಂಬಿ ಆಗ್ಲೇ ಎಷ್ಟೊತ್ತಾಯ್ತು."

ಅವನು ಮೂಗು ಮುಚ್ಚಿಕೊಂಡು ಹೋದ. ಆದರೆ ಹೋದ.

ಸಂಕ್ರಾಂತಿಯ ದಿನ ಮಧ್ಯಾಹ್ನ ಜೇಠಮಲ ಎಂಬ ಮುನೀಮ ಎಳ್ಳುಂಡೆಯ ಬುಟ್ಟಿ ಹಿಡಿದು ಬಂದ. ಅವನು ಲೆಕ್ಕ ಬರೆಯುತ್ತಿದ್ದ ಸೇಠನದು ಮಾಳವದ ದೊಡ್ಡ ಅಫೀಮು ವ್ಯಾಪಾರ. ವರ್ಷಕ್ಕೊಮ್ಮೆ ಹೀಗೆ ಎಳ್ಳುಂಡೆ ಕೊಟ್ಟು ಹೋಗುವುದು ರೂಢಿಯೇ ಆಗಿತ್ತು. ಮನೆಯಲ್ಲಿ ಗಂಡಸರಿರಲಿಲ್ಲ. ಒಳಗಿನಿಂದ ಮುದುಕಿಯ ನರಳಾಟ ಕೇಳಿ ಅವನು ಮೆಟ್ಟಿಲ ಮೇಲೇ ನಿಂತ.

"ಏನಾಗಿದೆ ಬಾಯಿ?"

ಸೋನಾಬಾಯಿ ಎಷ್ಟೋ ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಕೇಳಿದವರಿಗೆ ಹೇಳುವ ಸ್ಥಿತಿಗೆ ಬಂದಿದ್ದಳು. ಹೇಳಿದಳು.

ಮುನೀಮ ತಲೆ ಅಲ್ಲಾಡಿಸಿದ. "ಈ ವಯಸ್ಸಿನಲ್ಲಿ ಹಾಗೆ ಥಟ್ಟಂತ ಬಿಡಿಸಿದರೆ ಪ್ರಾಣ ಹೋಗುತ್ತೆ ಬಾಯಿ. ನಮ್ಮ ಕಡೆ ನೋಡಿದ್ದೀನಿ." ನಡುವಿನ ಚೀಲದಿಂದ ಎಲೆಯಲ್ಲಿ ಸುತ್ತಿದ ಒಂದು ಪೊಟ್ಟಣ ತೆಗೆದ. "ಔಷಧಿ ಅಂತ ತಿಳ್ಕೊಳ್ಳಿ. ನಿಮ್ಮ ಯಜಮಾನರಿಗೆ ಹೇಳೋದೇನೂ ಬೇಡ. ತಾಯಿ ಯಾರಿಗಿರಲ್ಲ?"

ಒಳಗೆ ಅಕ್ಕೂಬಾಯಿ ತನ್ನ ಸತ್ತ ತಾಯಿಯನ್ನು ಹೆಸರು ಹಿಡಿದು ಕೂಗುತ್ತಿದ್ದಳು. ಸೋನಾಬಾಯಿ ಕೈ ಚಾಚಿ ಪೊಟ್ಟಣ ತೆಗೆದುಕೊಂಡಳು.

ಆ ಸಂಜೆ ಮುದುಕಿ ಎದ್ದು ಕೂತು ಗಂಜಿ ಕುಡಿದಳು. ಎರಡು ದಿನ ಕಳೆಯುವಷ್ಟರಲ್ಲಿ ಗೋಡೆ ಹಿಡಿದು ಓಡಾಡಿದಳು. ಮೋರೋಬಾನ ಮುಖ ಅರಳಿತು.

"ನೋಡಿದ್ಯಾ? ನಾನು ಹೇಳಿರಲಿಲ್ವಾ, ಮನಸ್ಸು ಗಟ್ಟಿ ಇದ್ರೆ ಸಾಕು ಅಂತ!" ಗೋದಾಮಿನಲ್ಲೂ ಜೊತೆಯವರಿಗೆ ಹೇಳಿಕೊಂಡು ಬಂದ. "ನಮ್ಮ ತಾಯಿ ಎಪ್ಪತ್ತು ದಾಟಿದವಳು. ಒಂದೇ ಏಟಿಗೆ ಬಿಟ್ಟಳು."

ಮಗುವೂ ಸುಮ್ಮನಾಯಿತು. ಮೊದಲಿನಂತೆ ಕಣ್ತುಂಬ ನಿದ್ದೆ. ಸೋನಾಬಾಯಿ ದೃಷ್ಟಿ ಹೋಯಿತೆಂದಳು. ಚಂಪು ಮಾತ್ರ ತೊಟ್ಟಿಲ ಬಳಿ ನಿಂತು ಯೋಚಿಸಿದಳು. ಮುದುಕಿ ಹಾಸಿಗೆ ಹಿಡಿದ ದಿನ ಮಗುವಿಗೂ ಹುಷಾರು ತಪ್ಪಿತ್ತು, ಮುದುಕಿ ಎದ್ದ ದಿನ ಮಗುವೂ ಗುಣವಾಗಿತ್ತು. ಇದೇನು ಒಂದೇ ಜಾತಕವೇ? ಅವಳು ಮುದುಕಿಯ ಮೇಲೆ ಕಣ್ಣಿಟ್ಟಳು.

ಕೆಲವು ವಾರ ಹಾಗೇ ಕಳೆದವು. ಹೋಳಿಗೆ ಇನ್ನೂ ತಿಂಗಳಿಗೂ ಮೇಲಿದ್ದಾಗ, ಒಂದು ಬೆಳಿಗ್ಗೆ ಜೇಠಮಲನ ಸೇಠನ ಸರಕು ರೈಲಿನಲ್ಲಿ ಬಂದು ಗೋದಾಮಿನ ತಕ್ಕಡಿಯ ಮುಂದೆ ಇಳಿಯಿತು. ಮುನೀಮ ಮೋರೋಬಾನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದ.

"ತಾಯಿಯವರು ಹೇಗಿದ್ದಾರೆ? ಚೆನ್ನಾಗಿ ನಿದ್ದೆ ಬರ್ತಿದೆಯಾ?"

"ದೇವರ ದಯೆ. ಚೆನ್ನಾಗಿದ್ದಾಳೆ."

"ಇನ್ನೂ ಸ್ವಲ್ಪ ಬೇಕಾದ್ರೆ ಬಾಯಿಯವರಿಗೆ ಹೇಳಿಕಳಿಸೋಕೆ ಹೇಳಿ. ಸಂಕೋಚ ಬೇಡ." ಆಮೇಲೆ ಅದೇ ದನಿಯಲ್ಲಿ, "ಈ ಸರಕು ಇಂದೋರಿನಲ್ಲಿ ತೂಗಿಯೇ ಬಂದಿದೆ ಸಾಹೇಬರೆ. ಇನ್ನೊಮ್ಮೆ ತೂಗಿಸಿ ಹೊತ್ತು ಯಾಕೆ ಕಳೀತೀರಿ? ಮೊಹರು ಒತ್ತಿಸಿಬಿಡಿ."

ಮೋರೋಬಾ ಅವನ ಮುಖವನ್ನೇ ನೋಡಿದ. ತೂಕದಾಳುಗಳನ್ನು ಕರೆದು, "ಪ್ರತಿಯೊಂದನ್ನೂ ತಕ್ಕಡಿಗೆ ಹಾಕಿ," ಎಂದ.

ಪೆಟ್ಟಿಗೆಗಳು ತೀರುವೆ ಕೊಟ್ಟದ್ದಕ್ಕಿಂತ ಭಾರವಾಗಿದ್ದವು. ಒಂದೆರಡಲ್ಲ, ಹೆಚ್ಚು ಕಡಿಮೆ ಎಲ್ಲವೂ. ಹಾಗೇ ಬಿಟ್ಟಿದ್ದರೆ ಆ ಹೆಚ್ಚಿನ ಸರಕು ಸರ್ಕಾರಕ್ಕೆ ಏನೂ ಕೊಡದೆ ಚೀನಾ ಸೇರುತ್ತಿತ್ತು. ಮೋರೋಬಾ ಸರಕನ್ನು ತಡೆದು, ಕೀಲಿ ಹಾಕಿಸಿ, ತಲೆನೋವೆಂದು ಹೇಳಿ ಹೊರಟ. ಅವನು ಹಗಲಲ್ಲಿ ಮನೆಗೆ ಬಂದದ್ದು ಯಾರಿಗೂ ನೆನಪಿರಲಿಲ್ಲ.

ಮನೆಯ ಮೆಟ್ಟಿಲಿಗೇ ಕೂಗಾಟ ಕೇಳಿಸಿತು. ಚಂಪುವಿನ ದನಿ! ಆ ಮನೆಯಲ್ಲಿ ಆ ದನಿಯನ್ನು ಅಷ್ಟು ಎತ್ತರದಲ್ಲಿ ಯಾರೂ ಕೇಳಿರಲಿಲ್ಲ.

"ನಾನು ಒಳಗೆ ಬಂದಾಗ ಮಗು ಬಾಯಲ್ಲಿ ಬೆರಳಿಟ್ಟಿದ್ರು! ಬೆರಳ ತುದಿ ಕಪ್ಪಗಿದೆ ನೋಡಿ ಅತ್ತೆ, ನೋಡಿ!"

ಅಕ್ಕೂಬಾಯಿ ತೊಟ್ಟಿಲ ಪಕ್ಕ ಕೂತಿದ್ದಳು. ಕೈಯನ್ನು ಸೆರಗಿನಲ್ಲಿ ಒರೆಸಿಕೊಳ್ಳುತ್ತಿದ್ದಳು. "ಯಾಕೆ ಬೊಬ್ಬೆ ಹಾಕ್ತೀಯ? ಸಾಸಿವೆಯ ಅರ್ಧದಷ್ಟು. ನಿನ್ನ ಮಾವನಿಗೂ ಕೊಟ್ಟೇ ಬೆಳೆಸಿದ್ದು. ಈ ಓಣಿಯಲ್ಲಿ ಯಾವ ಮಗುವಿಗೆ ಕೊಡಲ್ಲ ಹೇಳು? ಬೆಳಗಾದ್ರೆ ದುಡೀತೀಯ, ಮಗು ಮಲಗಿದ್ರೆ ನಿನಗೇ ಆರಾಮ ಅಂತ..."

"ಅದು ಮಲಗ್ತಿರಲಿಲ್ಲ ಆಜಿ. ಎಚ್ಚರ ಆಗೋಕೆ ನೀವು ಬಿಡ್ತಿರಲಿಲ್ಲ."

"ಅಫೀಮು ಎಲ್ಲಿಂದ ಬಂತು?" ಎಂದ ಮೋರೋಬಾ ಬಾಗಿಲಲ್ಲಿ.

ಮೂವರೂ ತಿರುಗಿದರು. ಒಲೆಯ ಮೇಲೆ ಸೀಗಡಿಯ ಸಾರು ಉಕ್ಕಿ ಬೆಂಕಿಗೆ ಸುರಿಯಿತು. ಯಾರೂ ಅದರ ಕಡೆ ಹೋಗಲಿಲ್ಲ.

"ನಾನು ತಗೊಂಡೆ," ಎಂದಳು ಸೋನಾಬಾಯಿ. "ಜೇಠಮಲ ಕೊಟ್ಟ."

"ಗೋದಾಮಿನಲ್ಲಿ ನನ್ನ ಮಾನ ಹರಾಜು ಹಾಕಿದೆಯಲ್ಲೇ! ಇವತ್ತು ಅವನು ನನ್ನ ಹತ್ರ ಬಂದು, ತೂಗದೇ ಬಿಟ್ಟುಬಿಡು ಅಂತಾನೆ. ನನ್ನ ತಾಯಿಯ ನಿದ್ದೆಯ ಲೆಕ್ಕ ಅವನಿಗೆ ಗೊತ್ತು, ನನಗೆ ಗೊತ್ತಿಲ್ಲ!"

"ನಿಮಗೆ ಹೇಗೆ ಗೊತ್ತಾಗಬೇಕು?" ಸೋನಾಬಾಯಿ ತಲೆ ಎತ್ತಿದಳು. "ನೀವು ಬೆಳಿಗ್ಗೆ ಪಗಡಿ ಇಟ್ಟು ಹೋಗ್ತಿದ್ರಿ. ಅವರು ಕೂಗೋದನ್ನ ನೀವು ಕೇಳಿದ್ದು ಎಷ್ಟು ಹೊತ್ತು? ಹೊಸ್ತಿಲಲ್ಲಿ ನಿಂತು, ತಡ್ಕೋ ಅಂದ್ರಿ. ತಡ್ಕೊಂಡೋರು ಯಾರು? ನಾನು, ಈ ಹುಡುಗಿ. ನನ್ನಿಂದ ಆಗಲಿಲ್ಲ. ತಗೊಂಡೆ. ಏನ್ ಮಾಡ್ತೀರೋ ಮಾಡಿ."

ಮೋರೋಬಾ ಪೊಟ್ಟಣ ಎಲ್ಲಿದೆ ಎಂದು ಕೇಳಿ ತೆಗೆದುಕೊಂಡ. ಆಮೇಲೆ ಚಂಪುವಿನ ತೋಳಲ್ಲಿದ್ದ ಮಗುವಿನ ಮುಖ ನೋಡಿದ. ಈ ಗದ್ದಲದಲ್ಲೂ ಅದು ಮಲಗಿತ್ತು. ಗಲ್ಲ ತಟ್ಟಿದ. ಏಳಲಿಲ್ಲ.

"ದ್ವಾರಕಾ ಇನ್ನೂ ಬಂದಿಲ್ವಾ? ಬೇಡ, ನಾನೇ ಹೋಗ್ತೀನಿ," ಎಂದು ಪಗಡಿ ಇಲ್ಲದೆಯೇ ಓಡಿದ.

ಪಕ್ಕದ ಕ್ರೈಸ್ತರ ಓಣಿಯಿಂದ ಡಾಕ್ಟರ್ ಮಿನೇಜಿಸ್ ಬಂದ. ವಯಸ್ಸಾದ ಗೋವಾದವನು, ನಿಧಾನದ ಮನುಷ್ಯ. ಮಗುವಿನ ರೆಪ್ಪೆ ಎತ್ತಿ ನೋಡಿ, ಅಂಗಾಲಿಗೆ ಬೆರಳಿಂದ ಬಡಿದು, ತಣ್ಣೀರು ಚಿಮುಕಿಸಿದ. ಕೊನೆಗೆ ಮಗು ಮುಖ ಕಿವುಚಿ ಅತ್ತಿತು. ಚಂಪು ಅದನ್ನು ಎದೆಗೊತ್ತಿಕೊಂಡು ಗೋಡೆಗೆ ಒರಗಿ ಕೂತುಬಿಟ್ಟಳು.

"ಅಳಲಿ. ಇನ್ನು ಕೆಲವು ದಿನ ಅಳ್ತಾಳೆ. ಹಾಲು ಕೊಡಿ, ಎತ್ತಿಕೊಂಡು ಓಡಾಡಿ, ಬೇರೇನೂ ಕೊಡಬೇಡಿ," ಎಂದ ಡಾಕ್ಟರ್. "ಇನ್ನೊಂದಿಷ್ಟು ಹೆಚ್ಚು ಹೋಗಿದ್ರೆ ನನ್ನನ್ನ ಕರೆದೂ ಉಪಯೋಗ ಇರ್ತಿರಲಿಲ್ಲ."

ಅಕ್ಕೂಬಾಯಿ ಮೂಲೆಯಲ್ಲಿ ಕೂತು ಅದನ್ನು ಕೇಳಿಸಿಕೊಂಡಳು. ಕಪ್ಪಾದ ಬೆರಳನ್ನು ಮತ್ತೆ ಸೆರಗಿಗೆ ಉಜ್ಜಿದಳು.

"ಇನ್ನು ಅಜ್ಜಿ ಕಥೆ. ಥಟ್ಟಂತ ನಿಲ್ಲಿಸಿದ್ರಿ ಅಲ್ವಾ? ಯಾರ ಬುದ್ಧಿ ಅದು?"

"ನಂದೇ," ಎಂದ ಮೋರೋಬಾ.

"ಇನ್ಮೇಲೆ ಹಾಗೆ ಮಾಡಬೇಡಿ. ಪರವಾನಗಿ ಅಂಗಡಿಯಿಂದ ತರಿಸಿ. ಗುಳಿಗೆಯನ್ನ ವಾರ ವಾರ ಸ್ವಲ್ಪ ಸ್ವಲ್ಪ ಚಿಕ್ಕದು ಮಾಡ್ತಾ ಬನ್ನಿ. ಒಬ್ಬರೇ ಕೊಡಬೇಕು, ಅವರ ಕೈಯಲ್ಲೇ ಇರಬೇಕು. ಯಾರು ಕೊಡ್ತೀರಿ?"

ಸೋನಾಬಾಯಿ ತಲೆ ತಗ್ಗಿಸಿದ್ದಳು.

"ನಾನು ಕೊಡ್ತೀನಿ," ಎಂದಳು ಚಂಪು ಕೂತಲ್ಲಿಂದಲೇ.

"ಇವಳಾ?" ಎಂದಳು ಅಕ್ಕೂಬಾಯಿ. "ಇವಳು ಸಿಟ್ಟಿಗೆ ಏನೂ ಕೊಡದೆ ಕೊಲ್ತಾಳೆ ನನ್ನ."

"ಸಿಟ್ಟಿದೆ ಆಜಿ. ಬೇಕಾದಷ್ಟಿದೆ. ಆದ್ರೂ ಡಾಕ್ಟರ್ ಹೇಳಿದಷ್ಟು ಕೊಡ್ತೀನಿ. ಒಂದು ಚೂರು ಹೆಚ್ಚೂ ಇಲ್ಲ, ಕಮ್ಮಿನೂ ಇಲ್ಲ."

ಮರುದಿನ ಬೆಳಿಗ್ಗೆ ಮೋರೋಬಾ ಪೊಟ್ಟಣವನ್ನು ಜೇಠಮಲನ ಕೈಗೆ ವಾಪಸು ಕೊಟ್ಟು ನೇರ ಸಾಹೇಬನ ಕೋಣೆಗೆ ಹೋದ. ಭಾರದ ಪೆಟ್ಟಿಗೆಗಳ ವಿಷಯ ಹೇಳಿದ. ಆಮೇಲೆ ಮನೆಯ ವಿಷಯವನ್ನೂ ಹೇಳಿದ: ತಾಯಿಯ ಗುಳಿಗೆ, ಹೆಂಡತಿ ತೆಗೆದುಕೊಂಡ ಪೊಟ್ಟಣ, ಇನ್ನೂ ಎಷ್ಟೋ ವಾರ ಮನೆಯಲ್ಲಿ ಅಫೀಮು ಇರಬೇಕಾದದ್ದು.

ಕಾರ್ವೆಲ್ ಕುರ್ಚಿಗೆ ಒರಗಿದ. "ಬೇರೆ ಯಾರೂ ಬಂದು ಹೇಳಿಲ್ಲ. ಎಲ್ಲರ ಮನೆಯೂ ಚೊಕ್ಕ ಅಂತೆ. ನೀನೊಬ್ಬ ಯಾಕೆ ಹೇಳಿದೆ?"

"ಇಷ್ಟು ವರ್ಷ ಬೇರೆಯವರ ಪೆಟ್ಟಿಗೆ ಬಿಚ್ಚಿಸಿ ನೋಡಿದೋನು ಸಾಹೇಬ. ನನ್ನದನ್ನ ಮುಚ್ಚಿಡೋಕೆ ಆಗಲಿಲ್ಲ."

ಹುಕುಂ ಹುಕುಮೇ, ಇನ್ನು ಮೋರೋಬಾ ಅಫೀಮಿನ ಬಳಿ ಇರುವಂತಿಲ್ಲ ಎಂದ ಸಾಹೇಬ. ಆದರೆ ಮನೆಗೆ ಕಳಿಸಲಿಲ್ಲ. ಅರಬ್ಬೀ ಕಡೆಯಿಂದ ದೋಣಿಗಳಲ್ಲಿ ಬರುವ ಖರ್ಜೂರದ ಉಗ್ರಾಣಕ್ಕೆ ಹಾಕಿದ. ಇನ್‌ಸ್ಪೆಕ್ಟರ್ ಎಂಬ ಹೆಸರು ಹೋಯಿತು, ಬಾಗಿಲಲ್ಲಿ ಸಲಾಂ ಹೊಡೆಯುವ ಜವಾನ ಹೋದ. ಪಿಂಚಣಿ ಉಳಿಯಿತು.

ಮೋರೋಬಾ ಅಂದು ಸಂಜೆ ಮನೆಯಲ್ಲಿ ಇದನ್ನೆಲ್ಲ ಹೇಳಿದಾಗ ದ್ವಾರಕಾನಾಥ ಮೊದಲ ಸಲ ಅಪ್ಪನಿಗೆ ಎದುರು ಮಾತಾಡಲಿಲ್ಲ. ಎದ್ದು ನೀರಿನ ತಂಬಿಗೆ ತಂದು ಅಪ್ಪನ ಮುಂದಿಟ್ಟ.

"ಕೊನೆಯ ಹಡಗು ತುಂಬೋದನ್ನ ನೋಡಿ ಬಂದೆ," ಎಂದ ಮೋರೋಬಾ. "ನೀನು ಅವತ್ತು ಚೀನಾದ ಆಜಿಯರು ಅಂದಿದ್ದೆ. ಒಂದೊಂದು ಪೆಟ್ಟಿಗೆ ಇಳಿದಾಗಲೂ, ಇದರಲ್ಲಿ ಎಷ್ಟು ಮನೆಗೆ ಆಗುತ್ತೋ ಅನ್ನಿಸ್ತು. ಇದಕ್ಕೆ ಮೊದಲು ಯಾವತ್ತೂ ಹಾಗೆ ಅನ್ನಿಸಿರಲಿಲ್ಲ." ಅಷ್ಟು ಹೇಳಿ ನೀರು ಕುಡಿದ.

ಆಮೇಲೆ ತಾಯಿಯ ಕೋಣೆಗೆ ಹೋದ. ಈ ಸಲ ಹೊಸ್ತಿಲು ದಾಟಿ ಒಳಗೆ ಹೋಗಿ ಹಾಸಿಗೆಯ ಅಂಚಿನಲ್ಲಿ ಕೂತ.

"ಆಯಿ, ಇನ್ನು ನಮಗೆ ಯಾವ ಸಾಹೇಬನ ಹುಕುಮೂ ಇಲ್ಲ. ನಾನೀಗ ಖರ್ಜೂರದವನು. ನಿನಗೆ ಬೇಕಿದ್ರೆ ಮೊದಲಿನ ಹಾಗೇ ತಗೋ. ನಾನೇ ತಂದುಕೊಡ್ತೀನಿ."

ಆಚೆ ಕೋಣೆಯಲ್ಲಿ ಮಗು ಅಳುತ್ತಿತ್ತು. ಡಾಕ್ಟರ್ ಹೇಳಿದಂತೆಯೇ ಹಗಲೂ ಇರುಳೂ ಅಳುತ್ತಿತ್ತು. ಚಂಪು ಹೆಗಲಿಗೆ ಹಾಕಿಕೊಂಡು ಅತ್ತಿಂದಿತ್ತ ತಿರುಗುತ್ತಿದ್ದಳು.

"ನಾನು ಅತ್ತಿದ್ದೂ ಹೀಗೇ," ಎಂದಳು ಅಕ್ಕೂಬಾಯಿ. "ನನಗಾದ್ರೂ ಯಾಕೆ ಅಳ್ತಿದ್ದೀನಿ ಅಂತ ಗೊತ್ತಿತ್ತು. ಅದಕ್ಕೇನು ಗೊತ್ತು, ಪಾಪ?"

ಆಮೇಲೆ ದನಿ ಎತ್ತಿ ಕರೆದಳು. "ಏ ಚಂಪು! ಇವತ್ತಿಂದು ಎಷ್ಟು ಅಂತ ಹೇಳಿದ್ದಾನೆ ಆ ಡಾಕ್ಟರು? ಅಷ್ಟೇ ತಾ."

ಹೇಳಿದಷ್ಟು ಸುಲಭವಾಗಿರಲಿಲ್ಲ ಅದು. ಗುಳಿಗೆ ಚಿಕ್ಕದಾದ ಪ್ರತಿ ಸಲವೂ ಮುದುಕಿ ಎರಡು ಮೂರು ದಿನ ಊಟ ಬಿಡುತ್ತಿದ್ದಳು, ಬೈಗಳು ಸುರಿಸುತ್ತಿದ್ದಳು.

"ಇದು ಗುಳಿಗೆಯಾ? ಇರುವೆ ಮೊಟ್ಟೆ ಇದಕ್ಕಿಂತ ದಪ್ಪ ಇರುತ್ತೆ. ನಿಮ್ಮಪ್ಪನ ಮನೆಯವರ ಕೈಯೇ ಹೀಗೆ. ಮದುವೆಯಲ್ಲಿ ಲಾಡುನೂ ಇಷ್ಟೇ ಕಟ್ಟಿದ್ರು."

"ಹೌದು ಆಜಿ. ಆ ಲಾಡು ನೀವು ಎರಡನೇ ಸಲ ಕೇಳಿ ಹಾಕಿಸ್ಕೊಂಡ್ರಿ ಅಂತ ನಮ್ಮಪ್ಪ ಇನ್ನೂ ಹೇಳ್ತಾರೆ. ಕಾಲು ಚಾಚಿ."

ಚಂಪು ಬಿಸಿ ಎಣ್ಣೆ ಹಚ್ಚಿ ಮುದುಕಿಯ ಮಂಡಿ ತಿಕ್ಕುತ್ತಿದ್ದಳು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮಗುವಿನ ಮಾತು ಅವರಿಬ್ಬರ ನಡುವೆ ಬರುತ್ತಿರಲಿಲ್ಲ. ಆದರೆ ತೊಟ್ಟಿಲನ್ನು ಚಂಪು ತನ್ನ ಕಣ್ಣಳತೆಯಿಂದ ದೂರ ಇಡುತ್ತಿರಲಿಲ್ಲ. ಮುದುಕಿ ಅದನ್ನು ನೋಡಿಯೂ ನೋಡದವಳಂತೆ ಇರುತ್ತಿದ್ದಳು.

ಒಂದು ದಿನ ಮೀನು ಮಾರುವ ಬೆಸ್ತರ ಹೆಂಗಸು ರಖಮಾ ಬುಟ್ಟಿ ಇಳಿಸಿ, ಸೋನಾಬಾಯಿ ಒಳಗಿರುವುದನ್ನು ನೋಡಿಕೊಂಡು, ಚಂಪುವನ್ನು ಹತ್ತಿರ ಕರೆದಳು.

"ಬಾಯಿ, ನಿಮ್ಮ ಆಜಿ ನಿನ್ನೆ ಹಿಂದಿನ ಬಾಗಿಲಿಂದ ನನ್ನ ಕರೆದ್ರು. ಮೀನು ತಿನ್ನದೋರು ಮೀನಿನೋಳನ್ನ ಯಾಕೆ ಕರೀತಾರೆ ಅಂತ ಹೋದೆ. ಅಂಗಡಿಯಿಂದ ಕಪ್ಪು, ಅದೇ ಅಫೀಮು, ತಂದುಕೊಡು ಅಂದ್ರು. ಸೆರಗಿಗೆ ಗಂಟು ಹಾಕಿದ್ದ ಹಳೇ ಓಲೆ ಬಿಚ್ಚಿ ಕೊಡೋಕೆ ಬಂದ್ರು."

"ನೀನೇನಂದೆ?"

"ನನ್ನ ಬುಟ್ಟಿಯಲ್ಲಿ ಬೊಂಬಿಲ, ಸೀಗಡಿ ಬಿಟ್ರೆ ಬೇರೇನೂ ಹಿಡಿಯಲ್ಲ ಅಂದೆ. ನನ್ನ ಗಂಡ ಅದರಿಂದಲೇ ಮೂಲೆ ಹಿಡಿದಿದ್ದಾನೆ ಬಾಯಿ. ನನ್ನ ಕೈಯಿಂದ ಆ ಕೆಲಸ ಆಗಲ್ಲ."

ಚಂಪು ಅವಳ ಎರಡೂ ಕೈ ಹಿಡಿದುಕೊಂಡಳು. ಮೀನಿನ ಹುರುಪೆ ಅಂಟಿದ ಒದ್ದೆ ಕೈ. "ನಿನ್ನ ಉಪಕಾರ ಮರೆಯಲ್ಲ ರಖಮಾ," ಎಂದಳು. ಅಂದು ಮುದುಕಿಯ ಮಂಡಿಯನ್ನು ಇನ್ನಷ್ಟು ಹೊತ್ತು ತಿಕ್ಕಿದಳು. ತಿಕ್ಕುತ್ತಿದ್ದಾಗ ಅಕ್ಕೂಬಾಯಿಯೇ ಬಾಯಿಬಿಟ್ಟಳು.

"ರಖಮಾ ಹೇಳಿರಬೇಕಲ್ಲ?"

"ಹೇಳಿದ್ಲು."

"ಮತ್ತೆ ಬೈಯಲ್ವಾ?"

"ನೀವು ಬೈಯೋದೇ ಈ ಮನೆಗೆ ಸಾಕಾಗಿದೆ ಆಜಿ."

ಮುದುಕಿ ನಕ್ಕಳು. ಎಷ್ಟೋ ವಾರದ ಮೇಲೆ ಬಂದ ನಗು. ನಗುತ್ತ ನಗುತ್ತಲೇ ಕಣ್ಣು ತುಂಬಿಕೊಂಡಳು. "ಆ ಮಗುವನ್ನ ಕಳಕೊಂಡಿದ್ರೆ ನಾನು ಯಾವ ಮುಖ ಹೊತ್ತು ಸಾಯ್ತಿದ್ದೆನೇ?" ಎಂದಳು. ಚಂಪು ತಿಕ್ಕುವುದನ್ನು ನಿಲ್ಲಿಸಿದಳು. ಎದ್ದು ಹೋಗಿ ಎಚ್ಚರವಾಗಿದ್ದ ಕುಸುಮಳನ್ನು ತಂದು ಮುದುಕಿಯ ತೊಡೆಯ ಮೇಲಿಟ್ಟಳು.

"ನೋಡ್ಕೊಳ್ಳಿ. ನನಗೆ ಅನ್ನಕ್ಕಿಡೋದಿದೆ," ಎಂದು ಅಡಿಗೆಮನೆಗೆ ನಡೆದಳು. ಹಿಂತಿರುಗಿ ನೋಡಲಿಲ್ಲ.

ಹೋಳಿ ಕಳೆಯಿತು. ಮೋರೋಬಾ ಈಗ ಹೊತ್ತಿಗೆ ಮುಂಚೆಯೇ ಮನೆಗೆ ಬರುತ್ತಿದ್ದ. ಖರ್ಜೂರದ ಉಗ್ರಾಣದಲ್ಲಿ ನೊಣ ಓಡಿಸುವುದೇ ದೊಡ್ಡ ಕೆಲಸವೆಂದು ಓಣಿಯವರು ಹಾಸ್ಯ ಮಾಡಿದರೆ, "ಹೌದು, ಅಲ್ಲಿನ ನೊಣ ಕೂಡ ನನಗೆ ಸಲಾಂ ಹೊಡೆಯಲ್ಲ," ಎಂದು ತಾನೂ ನಗುತ್ತಿದ್ದ. ಸೋನಾಬಾಯಿ ಮಾತ್ರ ಅವನೆದುರು ಬೇಕಾದಷ್ಟೇ ಮಾತಾಡುತ್ತಿದ್ದಳು. ತನ್ನಿಂದಲೇ ಗಂಡನ ಅಧಿಕಾರ ಹೋಯಿತೆಂದು ಅವಳ ಮನಸ್ಸಿನಲ್ಲಿ ಕೂತುಬಿಟ್ಟಿತ್ತು.

ಒಂದು ಸಂಜೆ ಅವಳು ಮನೆಯ ಮುಂದಿನ ಗ್ಯಾಲರಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಾಗ ಮೋರೋಬಾ ಬಂದು ಎದುರಿಗೆ ಕೂತ. ಮೊರದ ಇನ್ನೊಂದು ಅಂಚು ಹಿಡಿದು ತಾನೂ ಕಲ್ಲು ಹುಡುಕತೊಡಗಿದ.

"ಬಿಡಿ. ಯಾರಾದ್ರೂ ನೋಡಿದ್ರೆ ನಗ್ತಾರೆ."

"ನಗಲಿ. ಕಲ್ಲು ಹುಡುಕೋದೇ ನನ್ನ ಕಸುಬು ಆಗಿತ್ತಲ್ಲ." ಮೊರದಿಂದ ತಲೆ ಎತ್ತದೆ ಹೇಳಿದ: "ಸೋನಾ, ಅವತ್ತು ನೀನು ಆ ಪೊಟ್ಟಣ ತಗೊಳ್ಳದೆ ಇದ್ದಿದ್ರೆ ಆಯಿ ಸಂಕ್ರಾಂತಿ ದಾಟ್ತಿರಲಿಲ್ಲ. ಡಾಕ್ಟರ್ ನನ್ನನ್ನ ಪಕ್ಕಕ್ಕೆ ಕರೆದು ಹೇಳಿದ. ನಾನು ನನ್ನ ತಾಯಿಯನ್ನ ಕೊಲ್ಲೋಕೆ ಹೊರಟಿದ್ದೆ. ನೀನು ತಡೆದೆ."

"ಮತ್ತೆ ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಬಾಯಿ ಬರಲಿಲ್ಲ. ಹೊಗಳಿಸಿಕೊಂಡು ರೂಢಿ ಆದೋನು. ಹೇಳಿ ರೂಢಿ ಇಲ್ಲ."

ಸೋನಾಬಾಯಿ ಮೊರವನ್ನು ಒಮ್ಮೆ ಕೊಡವಿದಳು. "ಆ ಕಲ್ಲು ಅಲ್ಲೇ ಇದೆ ನೋಡಿ, ನಿಮ್ಮ ಹೆಬ್ಬೆರಳ ಹತ್ರ. ಇಂಥ ಕಣ್ಣಿಟ್ಕೊಂಡು ಸರ್ಕಾರದ ಕೆಲಸ ಹೇಗೆ ಮಾಡಿದ್ರೋ," ಎಂದಳು. ಅಂದು ಅವನಿಗೆ ಇಷ್ಟವೆಂದು ಹೆಚ್ಚು ಬೆಳ್ಳುಳ್ಳಿ ಹಾಕಿ ಭುಜಣೆ ಮಾಡಿದಳು.

ಯುಗಾದಿಯ ಪಾಡ್ಯ ಕಳೆದ ಮೇಲೆ ಒಂದು ಬೆಳಿಗ್ಗೆ ಚಂಪು ಗುಳಿಗೆ ತಂದಾಗ ಅಕ್ಕೂಬಾಯಿ ಕೈ ಚಾಚಲಿಲ್ಲ. "ಅದು ಕಣ್ಣಿಗೇ ಕಾಣಿಸ್ತಿಲ್ಲ. ಕಾಣದ್ದನ್ನ ತಿಂದು ಏನು ಪ್ರಯೋಜನ?" ಎಂದಳು. ಅಂದು ಮೂಗು ಸೋರಲಿಲ್ಲ. ಮಂಡಿ ನೋಯಿತು, ಅದು ಹೇಗೂ ನೋಯುತ್ತಿತ್ತು. ಮರುದಿನವೂ ಕೇಳಲಿಲ್ಲ. ಚಂಪು ಉಳಿದದ್ದನ್ನು ಒಲೆಗೆ ಹಾಕಿ ಕೈ ತೊಳೆದುಕೊಂಡಳು.

ಕುಸುಮಳಿಗೆ ಮೊದಲ ಅನ್ನ ಉಣಿಸುವ ದಿನ ಬಂತು. ಮನೆ ತುಂಬ ನೆಂಟರು. ಚಂಪುವಿನ ತವರಿನವರು, ಓಣಿಯವರು, ಡಾಕ್ಟರ್ ಮಿನೇಜಿಸ್ ಕೂಡ ಕೋಟು ಹಾಕಿಕೊಂಡು ಬಂದು ಗ್ಯಾಲರಿಯಲ್ಲಿ ಕೂತ. ರಖಮಾ ಒಳ್ಳೆಯ ಮೀನು ಆರಿಸಿ ತಂದಿಟ್ಟು, ದುಡ್ಡು ಕೊಡಲು ಹೋದರೆ ಮುನಿದುಕೊಂಡಳು. ಸೋದರಮಾವ ಚಿನ್ನದುಂಗುರದಲ್ಲಿ ಪಾಯಸ ಎತ್ತಿ ಮಗುವಿನ ತುಟಿಗೆ ತಾಗಿಸಿದ. ಮಗು ಒಂದು ಕ್ಷಣ ಯೋಚಿಸಿ, ಉಂಗುರವನ್ನೇ ಕಚ್ಚಿ, ಇನ್ನೂ ಬೇಕೆಂದು ಗಲಾಟೆ ಎಬ್ಬಿಸಿತು. ಎಲ್ಲರೂ ನಕ್ಕರು.

"ಎಷ್ಟು ಗದ್ದಲದ ಹುಡುಗಿ! ಮೊದಲು ಎಷ್ಟು ಸಾಧು ಇದ್ಲು," ಎಂದಳು ಪಕ್ಕದ ಮನೆಯವಳು.

"ಗದ್ದಲ ಮಾಡಲಿ ಬಿಡು," ಎಂದಳು ಅಕ್ಕೂಬಾಯಿ. "ನಿನ್ನ ಕಿವಿ ಹೋದ್ರೆ ನಮ್ಮ ಮೋರೋಬಾ ಖರ್ಜೂರ ಕೊಡಿಸ್ತಾನೆ."

ಎಲೆ ಹಾಕಿದರು. ಗಂಡಸರು ಸಾಲಾಗಿ ಕೂತರು. ಚಂಪು ಸೆರಗು ಸಿಕ್ಕಿಸಿ ಅನ್ನದ ಪಾತ್ರೆ ಎತ್ತುವಷ್ಟರಲ್ಲಿ ಮುದುಕಿ ಗೋಡೆ ಹಿಡಿದುಕೊಂಡು ಬಂದು ಅವಳ ಕೈಯಿಂದ ಸೌಟು ಕಿತ್ತುಕೊಂಡಳು.

"ನೀನು ಕೂತ್ಕೋ."

"ಎಲ್ಲಿ ಆಜಿ?"

"ಇಲ್ಲಿ. ಮೊದಲ ಎಲೆಯಲ್ಲಿ."

ಮಾವನ ಎದುರು, ತನ್ನ ತಂದೆಯ ಎದುರು, ಗಂಡಸರಿಗಿಂತ ಮುಂಚೆ! ಚಂಪು ಅತ್ತೆಯ ಕಡೆ ನೋಡಿದಳು. ಸೋನಾಬಾಯಿ ಕಣ್ಣಲ್ಲೇ ಕೂತುಕೋ ಎಂದಳು. ಮೋರೋಬಾ ತನ್ನ ಎಲೆಯ ಮುಂದಿನಿಂದ ಎದ್ದು ಪಕ್ಕಕ್ಕೆ ಸರಿದ.

ಅಕ್ಕೂಬಾಯಿ ಅನ್ನ ಬಡಿಸಿದಳು, ಬೇಳೆ ಬಡಿಸಿದಳು. ಎಷ್ಟೋ ವರ್ಷದಿಂದ ಮುಟ್ಟದ ಮೀನಿನ ಪಾತ್ರೆಯನ್ನೂ ತಾನೇ ಎತ್ತಿ, ದೊಡ್ಡ ತುಂಡೊಂದನ್ನು ಹುಡುಕಿ ಅವಳ ಎಲೆಗೆ ಹಾಕಿದಳು.

"ಆಜಿ, ನೀವು ಮೀನು..."

"ಸುಮ್ನಿರು. ಸ್ನಾನ ಮಾಡಿದ್ರೆ ಆಯ್ತು. ನನ್ನನ್ನ ಇವಳು ಎಬ್ಬಿಸಿ ಕೂರಿಸಿದ್ಲು," ಎಂದು ನೆಂಟರ ಕಡೆ ತಿರುಗಿ ಹೇಳಿದಳು. "ಹೊಟ್ಟೆಯಲ್ಲಿ ಬೆಂಕಿ ಇಟ್ಕೊಂಡು ನನ್ನ ಕಾಲು ಒತ್ತಿದ್ಲು. ಇವಳ ಮಗುವೂ ಉಳಿದಿದೆ, ನಾನೂ ಉಳಿದಿದ್ದೀನಿ. ಈಗ ಉಣ್ಣು. ನೀನು ಉಣ್ಣೋದನ್ನ ನಾನು ಒಂದು ದಿನವಾದ್ರೂ ಕೂತು ನೋಡಬೇಕು."

ಚಂಪು ಮೊದಲ ತುತ್ತು ಬಾಯಿಗಿಟ್ಟಳು. ಮುದುಕಿ ಪಕ್ಕದಲ್ಲೇ ಕಾಲು ಚಾಚಿ ಕೂತು, ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಬೀಸಣಿಗೆಯಿಂದ ಅವಳಿಗೆ ಗಾಳಿ ಹಾಕತೊಡಗಿದಳು. ಚಂಪು ಎರಡನೆಯ ತುತ್ತು ತೆಗೆದುಕೊಂಡಳು. ಮೂರನೆಯದಕ್ಕೆ ಅವಳು ಉಪ್ಪು ಕೇಳಿದಳು. ಮೋರೋಬಾನೇ ಎದ್ದು ಉಪ್ಪು ತಂದುಕೊಟ್ಟ.